ಗಂಟೆಗೆ ಮುಂಚೆ ಬಂದ ಐದನೇ ಪಾಯಿಂಟ್

ನನ್ನ ಮೇಜಿನ ಮೇಲೆ ಒಂದು ನೋಟ್‌ಬುಕ್ ಇದೆ. ಇನ್ನೂರು ಪುಟದ್ದು. ಲೇಬಲ್ ಮೇಲೆ ದುಂಡಗಿನ ಅಕ್ಷರದಲ್ಲಿ ‘ಟಿ.ವಿ. ಪಾಠದ ನೋಟ್ಸ್, ವಿಜ್ಞಾನ, ಹತ್ತನೇ ತರಗತಿ’ ಎಂದು ಬರೆದಿದೆ.

ನಡುವಿನ ಒಂದು ಪುಟದಲ್ಲಿ ಶೀರ್ಷಿಕೆ: ಮೇದೋಜೀರಕ ಗ್ರಂಥಿ. ಕೆಳಗೆ ಐದು ಪಾಯಿಂಟ್. ಅದು ಜಠರದ ಹಿಂದೆ ಇರುತ್ತದೆ, ಒಂದು. ಇನ್ಸುಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ, ಎರಡು. ಇನ್ಸುಲಿನ್ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ, ಮೂರು. ಅದು ಕಡಿಮೆಯಾದರೆ ಮಧುಮೇಹ, ನಾಲ್ಕು.

ಐದನೆಯದರ ಮೇಲೆ ಈಗ ಅಡ್ಡಗೆರೆ ಬಿದ್ದಿದೆ, ಅಡಿಯಲ್ಲಿ ಹೀಗಿದೆ: ‘ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಚಮಚ ಚೂರ್ಣವನ್ನು ಬಿಸಿನೀರಿನಲ್ಲಿ ಕುಡಿದರೆ ಮಲಗಿದ ಗ್ರಂಥಿ ಏಳುತ್ತದೆ. ಆಮೇಲೆ ಸೂಜಿಯ ಹಂಗಿಲ್ಲ.’

ಅದರ ಕೆಳಗೆ ಸ್ಕೇಲ್ ಇಟ್ಟು ಎಳೆದ ಎರಡು ಗೆರೆ. ಪಕ್ಕದಲ್ಲಿ ಶಾಲೆಯ ಟೀಚರ್ ಹಾಕಿದ ಕೆಂಪು ರೈಟ್ ಮಾರ್ಕು. ‘ಗುಡ್’ ಎಂಬ ಷರಾ.

ಆ ಐದನೇ ಪಾಯಿಂಟ್ ನಮ್ಮ ಮನೆಯ ಹುಡುಗಿಯ ಜೀವ ತೆಗೆಯುವುದರಲ್ಲಿತ್ತು.

ನನ್ನ ಸಿಟ್ಟು ನಿಮಗೇನೂ ಹೊಸದಲ್ಲ. ಚರಂಡಿ, ಹಂದಿ, ಕೆಂಪು ಧೂಳು, ಫೋನ್ ಎತ್ತದ ಅಧಿಕಾರಿಗಳು, ಎಲ್ಲರ ಮೇಲೂ ಈ ಅಂಕಣದಲ್ಲಿ ಹರಿಹಾಯ್ದಿದ್ದೇನೆ. ಈ ಸಲದ ಸಿಟ್ಟಿನಲ್ಲಿ ಅರ್ಧ ಪಾಲು ನನ್ನದೇ. ಯಾಕೆ ಅಂತ ಹೇಳುತ್ತೇನೆ, ನಡುವೆ ಎದ್ದು ಹೋಗಬೇಡಿ.

ಸಿರುಗುಪ್ಪದಲ್ಲಿ ನನ್ನ ತಂಗಿ ನಾಗರತ್ನ ಇದ್ದಾಳೆ. ಅಕ್ಕಿ ಗಿರಣಿಯ ಆಫೀಸಿನಲ್ಲಿ ಕೆಲಸ. ಅವಳ ಗಂಡನಿಗೆ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಡ್ಯೂಟಿ, ವಾರಕ್ಕೊಮ್ಮೆ ಮನೆ. ಹಾಗಾಗಿ ಮನೆ ನೋಡಿಕೊಳ್ಳುವವರು ಅವಳ ಅತ್ತೆ ತಿಪ್ಪಮ್ಮ. ಮಗಳು ರೇಣುಕಾಗೆ ಹದಿನೈದು ವರ್ಷ. ಒಂಬತ್ತಕ್ಕೇ ಸಕ್ಕರೆ ಕಾಯಿಲೆ ಬಂತು. (ಮಕ್ಕಳಿಗೆ ಬರುವ ಈ ಬಗೆಯಲ್ಲಿ ಮೈ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಪಥ್ಯ, ವಾಕಿಂಗ್, ಹಾಗಲಕಾಯಿ ರಸ, ಯಾವುದೂ ಅದಕ್ಕೆ ಬದಲಿಯಲ್ಲ. ಇದನ್ನು ಬೀಗರಿಗೆಲ್ಲ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ.) ದಿನಕ್ಕೆ ಎರಡು ಸಲ ಸೂಜಿ. ಆರು ವರ್ಷದಿಂದ ಒಂದು ದಿನವೂ ತಪ್ಪಿರಲಿಲ್ಲ.

ಆ ಮನೆಯಲ್ಲಿ ಸಂಜೆ ಐದೂವರೆ ಎಂದರೆ ಟಿ.ವಿ. ಸಾಲಿ. ನಮ್ಮ ಕಡೆಯ ಕೇಬಲ್‌ನಲ್ಲಿ ಬರುವ ಪಾಠದ ಚಾನೆಲ್ ಅದು. ಶುರುವಾಗುವಾಗ ಶಾಲೆಯ ಗಂಟೆ ಹೊಡೆಯುತ್ತದೆ: ಟಣ್ ಟಣ್ ಟಣ್. ಗಂಟೆ ಕೇಳಿದ ಕೂಡಲೇ ತಿಪ್ಪಮ್ಮತ್ತೆ ಚಪ್ಪಲಿಗಳನ್ನು ಹೊರಗೆ ಸರಿಸಿ, ಸೆರಗಿನಿಂದ ಪರದೆ ಒರೆಸಿ, ಗೋಡೆಗೆ ಒರಗಿ ಕೂರುತ್ತಾರೆ. ಟಿ.ವಿ. ಮುಂದೆ ಯಾರೂ ಅಡ್ಡ ಹೋಗುವಂತಿಲ್ಲ. ಟಿ.ವಿ.ಯ ಸರ್ ಹೇಳಿದ್ದನ್ನೆಲ್ಲ ರೇಣು ಬರೆದುಕೊಳ್ಳಬೇಕು. ಆ ನೋಟ್ಸ್‌ಗೆ ಮರುದಿನ ಶಾಲೆಯಲ್ಲಿ ಸಹಿ, ಸಹಿಗೆ ಇಂಟರ್ನಲ್ ಮಾರ್ಕ್ಸ್. ಪಾಠ ಮುಗಿದಾಗ ಮತ್ತೆ ಗಂಟೆ. ಅಲ್ಲಿಯವರೆಗೆ ನೀರು ಕುಡಿಯಲೂ ಯಾರೂ ಏಳುವುದಿಲ್ಲ.

ಅಜ್ಜಿ ಮೊಮ್ಮಗಳು ಹೀಗೆ ಕೂತದ್ದನ್ನು ನೋಡಿ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಬಳ್ಳಾರಿಗೆ ಬಂದವಳೇ ಇದೇ ಜಾಗದಲ್ಲಿ ಒಂದು ಅಂಕಣ ಬರೆದೆ. ಈ ಚಾನೆಲ್ ಹಾಕಿಕೊಟ್ಟು ನೀವು ನಿಶ್ಚಿಂತೆಯಿಂದ ಅಡುಗೆ ಮನೆಗೆ ಹೋಗಬಹುದು ಎಂದು ಬರೆದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನೆನಪಿಲ್ಲದಿದ್ದರೆ ಒಳ್ಳೆಯದೇ ಆಯಿತು.

ಈಗ ಹೋದ ತಿಂಗಳ ಮಾತಿಗೆ ಬರುತ್ತೇನೆ. ವರ್ಷದ ಅಕ್ಕಿ ತರಲು ಸಿರುಗುಪ್ಪಕ್ಕೆ ಹೋದೆ. ಬಸ್ ಇಳಿದು ಮನೆ ಸೇರಿದಾಗ ಬೆಳಿಗ್ಗೆ ಹತ್ತೂವರೆ. ಬಾಗಿಲು ತೆಗೆದ ತಿಪ್ಪಮ್ಮತ್ತೆ ‘ಬಾರವ್ವಾ’ ಎಂದರು. ನನ್ನ ಮುಖ ನೋಡಲಿಲ್ಲ.

‘ರೇಣು ಸಾಲಿಗೆ ಹೋಗ್ಯಾಳೇನು?’ ಅಂದೆ.

‘ಇಲ್ಲವ್ವಾ, ಮಲಗ್ಯಾಳ. ನಾಗು ಕೆಲಸಕ್ಕ ಹೋದಮ್ಯಾಲೆ ವಾಂತಿ ಸುರು ಆತು. ಪಿತ್ತ ಆಗೈತಿ ಅಷ್ಟ. ನಿಂಬಿಹಣ್ಣಿನ ನೀರು ಕೊಟ್ಟೀನಿ.’

ಒಳಗೆ ರೇಣು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ದೂರದಿಂದ ಓಡಿ ಬಂದವಳ ಹಾಗೆ ಮಲಗಿದಲ್ಲೇ ಜೋರಾಗಿ ಉಸಿರಾಡುತ್ತಿದ್ದಳು. ಹತ್ತಿರ ಬಗ್ಗಿದೆ. ಬಾಯಿಂದ ಕೊಳೆತ ಹಣ್ಣಿನ ವಾಸನೆ. ಆರು ವರ್ಷದ ಹಿಂದೆ ಡಾಕ್ಟರು ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಹೇಳಿದ್ದರು, ಈ ವಾಸನೆ ಬಂದರೆ ಒಂದು ನಿಮಿಷವೂ ಕೂರಬೇಡಿ ಎಂದು.

‘ಸೂಜಿ ತಗೊಂಡಿಯೇನು ಕೂಸೆ?’

‘ಹೂಂ.’

‘ಯಾವಾಗ?’

‘ಮುಂಜಾನಿ.’ ಕಣ್ಣು ತೆರೆಯಲಿಲ್ಲ.

ಆಟೋದಲ್ಲಿ ಹಾಕಿಕೊಂಡು ತಾಲೂಕು ಆಸ್ಪತ್ರೆಗೆ ಓಡಿದೆವು. ಬೆರಳು ಚುಚ್ಚಿ ರಕ್ತ ನೋಡಿದರು. ಮೀಟರ್‌ನಲ್ಲಿ ಅಂಕಿಯೇ ಬರಲಿಲ್ಲ, ‘ಹೈ’ ಎಂದಷ್ಟೇ ಬಂತು. ಅಳೆಯುವ ಮಿತಿಯನ್ನೇ ದಾಟಿದೆ ಎಂದು ಅದರರ್ಥ. ಡಾಕ್ಟರ್ ಚಿಕ್ಕ ವಯಸ್ಸಿನವರು. ಡ್ರಿಪ್ ಹಾಕಿಸುತ್ತಲೇ ಕೇಳಿದರು, ‘ಇನ್ಸುಲಿನ್ ಬಿಟ್ಟು ಎಷ್ಟು ದಿನ ಆತು?’

‘ಬಿಟ್ಟಿಲ್ಲ ಡಾಕ್ಟ್ರೇ, ಆರು ವರ್ಷದಾಗ ಒಂದು ದಿನಾನೂ ಬಿಟ್ಟಿಲ್ಲ’ ಎಂದೆ. ಸ್ವಲ್ಪ ಜಂಬದಿಂದಲೇ ಎಂದೆ, ಸುಳ್ಳು ಯಾಕೆ ಹೇಳಲಿ?

ಅವರು ನನ್ನನ್ನು ಒಮ್ಮೆ ನೋಡಿದರು. ‘ಬಿಟ್ಟೀರ್ರಿ. ಎಷ್ಟು ದಿನ ಅಂತ ಹೇಳ್ರಿ, ಲಗೂನ ಹೇಳ್ರಿ.’

ನನ್ನ ಹಿಂದೆ ನಿಂತಿದ್ದ ತಿಪ್ಪಮ್ಮತ್ತೆ ಸೆರಗಿನ ಒಳಗಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟರು. ಮನೆಯಿಂದ ಅದನ್ನು ತಂದಿದ್ದರು. ಅಂದರೆ ಅವರಿಗೆ ಗೊತ್ತಿತ್ತು.

‘ಮೂರು ದಿನ ಆತ್ರಿ’ ಎಂದರು. ‘ಟಿ.ವಿ. ಸಾಲಿ ಮೇಷ್ಟ್ರು ಹೇಳ್ಯಾರ್ರಿ, ಈ ಪುಡಿ ತಗೊಂಡ್ರ ಸೂಜಿ ಬ್ಯಾಡಂತ. ಸಾಲ್ಯಾಗ ಟೀಚರಮ್ಮನೂ ನೋಡಿ ಸಹಿ ಹಾಕ್ಯಾರ. ದಿನಾ ಎಲ್ಡು ಸಲ ಕೂಸಿಗೆ ಚುಚ್ಚೋದು ನೋಡಾಕ ಆಗವಲ್ದಾಗಿತ್ರಿ ನನಗ.’

ಡಾಕ್ಟರ್ ಡಬ್ಬಿ ತೆರೆದು ಮೂಸಿ ಪಕ್ಕಕ್ಕಿಟ್ಟರು. ಬೈಯಲಿಲ್ಲ. ಆಂಬುಲೆನ್ಸ್‌ಗೆ ಹೇಳಿ ಎಂದು ನರ್ಸ್ ಕಡೆ ತಿರುಗಿದರು. ಬೈದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಸಿರುಗುಪ್ಪದಿಂದ ಬಳ್ಳಾರಿಗೆ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಆ ದಿನದ ದಾರಿ ಮುಗಿಯಲೇ ಇಲ್ಲ. ಗಿರಣಿಯ ಗೇಟಿನಲ್ಲಿ ನಾಗು ಹತ್ತಿಕೊಂಡಳು. ವಿಷಯ ಕೇಳಿದವಳು ತನ್ನ ತಲೆಯನ್ನೇ ಎರಡು ಸಲ ಹೊಡೆದುಕೊಂಡಳು. ನಾಲ್ಕು ದಿನದ ಹಿಂದೆ ರೇಣು ‘ಅಮ್ಮಾ, ನಾನು ದೊಡ್ಡಾಕಿ ಆಗೀನಿ, ಇನ್ಮ್ಯಾಲೆ ಸೂಜಿ ನಾನ ತಗೋತೀನಿ’ ಅಂದಿದ್ದಳಂತೆ. ಅದನ್ನು ಕೇಳಿ ಇವಳು ಹಿಗ್ಗಿ ನನಗೆ ಫೋನ್ ಬೇರೆ ಮಾಡಿದ್ದಳು. ನಾನೂ ಹಿಗ್ಗಿದ್ದೆ.

ತೆಕ್ಕಲಕೋಟೆ ದಾಟುವಾಗ ರೇಣು ನಾವು ಕರೆದರೆ ಓಗೊಡುವುದನ್ನು ನಿಲ್ಲಿಸಿದಳು. ಉಸಿರು ಮಾತ್ರ ಜೋರು. ಪ್ರತಿ ಹಂಪ್‌ಗೂ ಡ್ರಿಪ್ ಬಾಟಲಿ ತೂಗುತ್ತಿತ್ತು, ನಾನು ಅದನ್ನು ಹಿಡಿದುಕೊಂಡು ನಿಂತಿದ್ದೆ.

‘ಅಕ್ಕಾ, ಉಳೀತಾಳಲ್ಲ?’ ಎಂದಳು ನಾಗು.

‘ಸುಮ್ನಿರು ನೀನು’ ಎಂದು ಗದರಿದೆ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಎರಡು ದಿನ ಐಸಿಯು ಬಾಗಿಲ ಮುಂದೆ ಕೂತೆವು. ಗಂಟೆಗೊಮ್ಮೆ ರಕ್ತ ಪರೀಕ್ಷೆ. ಬಾಗಿಲು ತೆರೆದಾಗಲೆಲ್ಲ ನಾಗು ಎದ್ದು ನಿಲ್ಲುತ್ತಿದ್ದಳು. ಕುಡತಿನಿಯಿಂದ ಓಡಿ ಬಂದ ಅವಳ ಗಂಡ ಡ್ಯೂಟಿಯ ಬೂಟಿನಲ್ಲೇ ಗೋಡೆಗೆ ಒರಗಿ ನಿಂತಿದ್ದ. ತಿಪ್ಪಮ್ಮತ್ತೆ ಎಲ್ಲರಿಂದ ದೂರ, ನೀರಿನ ಕ್ಯಾನಿನ ಪಕ್ಕ ನೆಲದ ಮೇಲೆ ಕೂತಿದ್ದರು, ಊಟ ಮುಟ್ಟಲಿಲ್ಲ. ನನಗೆ ಅವರ ಮೇಲೆ ಕೆಂಡದಂಥ ಕೋಪ. ಹೋಗಿ ಎದುರಿಗೆ ನಿಂತು ಕೇಳಿಯೇಬಿಟ್ಟೆ.

‘ಅಲ್ಲತ್ತಿ, ಟಿ.ವಿ.ಯಾಗ ಬಂದಿದ್ದೆಲ್ಲಾ ಖರೇ ಅಂತ ನಂಬಿಬಿಡೋದೇನು?’

ಅವರು ತಲೆ ಎತ್ತಿದರು. ‘ಎಲ್ಲಾ ಎಲ್ಲಿ ನಂಬ್ತೀನವ್ವಾ ನಾನು? ಸೀರಿಯಲ್ ನಂಬಂಗಿಲ್ಲ, ನ್ಯೂಸಾನೂ ನಂಬಂಗಿಲ್ಲ. ಇದು ಚಲೋ ಚಾನೆಲ್ ಅಂತ ನೀನ ಪೇಪರ್‌ನಾಗ ಬರ್ದಿದ್ದಿ ಅಲ್ಲೇನು? ರೇಣು ಓದಿ ಹೇಳಿದ್ಲು. ಗಂಜಿ ಹಚ್ಚಿ ಅಲಮಾರಕ್ಕ ಅಂಟಿಸೀನಿ.’

ತಿರುಗಿ ಬಂದು ನನ್ನ ಕುರ್ಚಿಯಲ್ಲಿ ಕೂತೆ.

ಮೂರನೇ ದಿನ ರೇಣು ವಾರ್ಡಿಗೆ ಬಂದಳು. ಇನ್ನು ಅರ್ಧ ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಎಲ್ಲರೂ ಊಟಕ್ಕೆ ಹೋದಾಗ ನಾನು ಅವಳ ಪಕ್ಕ ಕೂತೆ. ಬೈಯಬಾರದು ಎಂದು ನೂರು ಸಲ ನನಗೆ ನಾನೇ ಹೇಳಿಕೊಂಡಿದ್ದೆ.

‘ಕ್ಲಾಸಿಗೆ ಫಸ್ಟ್ ಬರ್ತಿ. ಅದು ಜಾಹೀರಾತು ಅಂತ ನಿನಗ ತಿಳೀಲಿಲ್ಲೇನು?’

ಅವಳು ಹಾಸಿಗೆಯ ಅಂಚು ಹಿಡಿದುಕೊಂಡು ಹೇಳಿದಳು. ‘ಅದಾ ಸರ್ ಇದ್ರು ದೊಡ್ಡಮ್ಮ. ಅದಾ ಬಿಳಿ ಕೋಟು, ಅದಾ ಬೋರ್ಡು. ಗ್ರಂಥಿ ಚಿತ್ರಾನೂ ಅಳಿಸಿದ್ದಿಲ್ಲ. ಮತ್ತ ಬೆಲ್ ಹೊಡೆದಿದ್ದಿಲ್ಲ. ಬೆಲ್ ಹೊಡಿಯೋತನಕ ಪಾಠ ಅಲ್ಲೇನು?’

ಹೌದಲ್ಲ? ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು. ಗಂಟೆ ಹೊಡೆಯುವವರೆಗೆ ಪಾಠ, ಯಾರೂ ಏಳಬಾರದು, ಎಲ್ಲವನ್ನೂ ಬರೆದುಕೊಳ್ಳಿ ಎಂದು ಮಕ್ಕಳ ಬೆನ್ನು ಮುರಿದವಳು. ರೇಣು ಪೆದ್ದಿಯಲ್ಲ. ನಾವು ಕಲಿಸಿದ್ದನ್ನು ಅಕ್ಷರ ತಪ್ಪದೆ ಪಾಲಿಸಿದ್ದಾಳೆ.

ಮರುದಿನ, ಸಿರುಗುಪ್ಪದ ಮನೆಯಿಂದ ತರಿಸಿದ ಆ ನೋಟ್‌ಬುಕ್ ಬ್ಯಾಗಿಗೆ ಹಾಕಿಕೊಂಡು ಕುರುಗೋಡು ಬಸ್ ಹತ್ತಿದೆ. ಟಿ.ವಿ.ಯ ವಿಜ್ಞಾನದ ಸರ್ ಅಲ್ಲಿಯವರು, ಎರ್ರಿಸ್ವಾಮಿ ಅಂತ. ಅತಿಥಿ ಶಿಕ್ಷಕ. ದೊಡ್ಡ ಜಗಳಕ್ಕೆ ತಯಾರಾಗಿ ಹೋಗಿದ್ದೆ. (ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದೆ, ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಕೂತರು.) ಬಾಗಿಲಿಗೆ ಬಂದವರು ಮೂವತ್ತರ ಆಸುಪಾಸಿನ ಸಣಕಲ ಮನುಷ್ಯ. ನಾನು ಆ ಪುಟ ತೆರೆದು ಅವರ ಮುಂದೆ ಹಿಡಿದೆ. ಓದಿದರು. ಹುಡುಗಿ ಆಸ್ಪತ್ರೆಯಲ್ಲಿದ್ದಾಳೆ, ಯಾಕೆ ಎಂದು ಹೇಳಿದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು.

‘ಕೋಟು ಅವರದು, ಮಾತು ಅವರದು, ಮಾರಿ ಅಷ್ಟ ನಂದು ಮೇಡಂ’ ಎಂದರು. ‘ಪಾಠ ಮುಗೀತು ಅಂತ ಡಸ್ಟರ್ ತಗೊಂಡೆ. ಅಳಿಸಬ್ಯಾಡ್ರಿ ಸರ್, ಕ್ಯಾಮೆರಾ ಚಾಲೂ ಐತಿ, ಇದೊಂದು ಚೀಟಿ ಓದಿಬಿಡ್ರಿ ಅಂದ್ರು. ಓದಿದೆ.’

‘ಬೆಲ್?’

‘ಅದು ಆಮ್ಯಾಲೆ ಎಡಿಟಿಂಗ್‌ನಾಗ ಹಾಕ್ತಾರ. ಚೀಟಿ ಓದಿದ ಮ್ಯಾಲೆ ಬರತೈತಿ.’

‘ನೀವು ವಿಜ್ಞಾನ ಓದಿದವರು. ಮಲಗಿದ ಗ್ರಂಥಿ ಪುಡಿಯಿಂದ ಏಳತೈತೇನು?’

‘ಇಲ್ಲ ಮೇಡಂ.’

‘ಗೊತ್ತಿದ್ದೂ ಓದಿದಿರಿ?’

ಅವರು ನೋಟ್‌ಬುಕ್ ಮುಚ್ಚಿ ನನ್ನ ಕಡೆ ಸರಿಸಿದರು. ನಾನು ಜೋಡಿಸಿಕೊಂಡು ಹೋಗಿದ್ದ ಬೈಗುಳದಲ್ಲಿ ಒಂದನ್ನೂ ಬಳಸಲಾಗಲಿಲ್ಲ.

ಅಲ್ಲಿಂದ ನೇರವಾಗಿ ಬಳ್ಳಾರಿಯ ಕೌಲ್ ಬಜಾರ್‌ಗೆ. ಆಟೋ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಚಾನೆಲ್ ಆಫೀಸು. ಮ್ಯಾನೇಜರ್ ಬಹಳ ಮರ್ಯಾದೆಯಿಂದ ಎದ್ದು ನಿಂತರು, ಚಹಾ ತರಿಸಿದರು. ಯಾಕಿಷ್ಟು ಮರ್ಯಾದೆ ಎಂದು ಆಮೇಲೆ ತಿಳಿಯಿತು. ಅವರ ಕುರ್ಚಿಯ ಹಿಂದಿನ ಗೋಡೆಯಲ್ಲಿ, ಚಾನೆಲ್ ಹೊಗಳಿದ್ದ ನನ್ನ ಆ ಅಂಕಣ, ಗಾಜಿನ ಫ್ರೇಮ್ ಹಾಕಿಸಿ ತೂಗುಬಿಟ್ಟಿದ್ದರು.

ನೋಟ್‌ಬುಕ್ ತೋರಿಸಿದೆ. ಪಾಪ, ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು. ಆಮೇಲೆ, ‘ರೂಲ್ ಪ್ರಕಾರನ ಹಾಕೀವಿ ಮೇಡಂ. ಕೆಳಗ ಮೂಲಿಯೊಳಗ ಪ್ರಾಯೋಜಿತ ಅಂತ ಬರತೈತಿ’ ಎಂದರು. ತೋರಿಸಿ ಎಂದೆ. ಕಂಪ್ಯೂಟರ್‌ನಲ್ಲಿ ತೋರಿಸಿದರು. ನಾನು ಕನ್ನಡಕ ಒರೆಸಿಕೊಂಡು, ಪರದೆಗೆ ಮೂಗು ತಾಗಿಸಿ ನೋಡಬೇಕಾಯಿತು. ತಿಪ್ಪಮ್ಮತ್ತೆಗೆ ಓದಲು ಬರುವುದಿಲ್ಲ. ಹದಿನೈದರ ಹುಡುಗಿಗೆ ‘ಪ್ರಾಯೋಜಿತ’ ಎಂದರೆ ಏನೆಂದು ಯಾವ ಪಾಠದಲ್ಲಿ ಹೇಳಿಕೊಟ್ಟಿದ್ದಾರೆ?

‘ಜಾಹೀರಾತು ಬ್ಯಾಡ ಅಂದ್ರ ನಾಳೆಯಿಂದ ಪಾಠಾನೂ ಇರಂಗಿಲ್ಲ ಮೇಡಂ’ ಎಂದರು ಅವರು. ‘ಮಕ್ಕಳ ಕಡಿಂದ ಒಂದು ಪೈಸಾ ಫೀಸು ತಗೊಳ್ಳಂಗಿಲ್ಲ ನಾವು.’

ಅದು ನಿಜವೇ. ಟ್ಯೂಷನ್‌ಗೆ ಹೋಗಲಾಗದ ಎಷ್ಟೋ ಮಕ್ಕಳು ಈ ಚಾನೆಲ್ ನೋಡಿ ಪಾಸಾಗಿದ್ದಾರೆ, ಅದನ್ನು ನಾನು ಈಗಲೂ ಅಲ್ಲಗಳೆಯುವುದಿಲ್ಲ. ಹಾಗಾಗಿ ದನಿ ತಗ್ಗಿಸಿದೆ.

‘ಜಾಹೀರಾತು ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಔಷಧದ್ದು ಬ್ಯಾಡ, ಪಾಠ ಮಾಡೋ ಸರ್ ಬಾಯಿಂದ ಬ್ಯಾಡ. ಉಳಿದದ್ದು ಬೆಲ್ ಹೊಡೆದ ಮ್ಯಾಲೆ ಹಾಕ್ರಿ.’

ಅವರು ನಕ್ಕರು. ಕೆಟ್ಟ ನಗೆಯಲ್ಲ, ತಿಳಿಯದವರಿಗೆ ತಿಳಿಸಿ ಹೇಳುವ ನಗೆ. ‘ಬೆಲ್ ಹೊಡೆದ್ರ ಹುಡುಗ್ರು ಎದ್ದು ಹೋಗ್ತಾವ ಮೇಡಂ. ಆಮ್ಯಾಲೆ ಜಾಹೀರಾತು ಯಾರು ನೋಡ್ಬೇಕು?’

ಕೇಳಿದಿರಲ್ಲ? ಅವರಿಗೆ ಎಲ್ಲ ಗೊತ್ತಿದೆ. ಮಕ್ಕಳು ಗಂಟೆಯನ್ನು ನಂಬುತ್ತಾರೆ ಎಂಬುದು ಗೊತ್ತಿದೆ, ಆ ನಂಬಿಕೆಯನ್ನೇ ನಿಮಿಷದ ಲೆಕ್ಕದಲ್ಲಿ ಮಾರುತ್ತಿದ್ದಾರೆ. ಸೀರಿಯಲ್ ನಡುವೆ ಬರುವ ಸೋಪು, ಟೂತ್‌ಪೇಸ್ಟುಗಳನ್ನು ನಾವು ಅರ್ಧ ಕಿವಿಯಲ್ಲಿ ಕೇಳಿ ಮರೆಯುತ್ತೇವೆ. ಪೆನ್ನು ಹಿಡಿದು ಕೂತ ಮಗು ಯಾವುದನ್ನೂ ಅರ್ಧ ಕಿವಿಯಲ್ಲಿ ಕೇಳುವುದಿಲ್ಲ. ಅದು ಬರೆದುಕೊಳ್ಳುತ್ತದೆ, ಬಾಯಿಪಾಠ ಮಾಡುತ್ತದೆ. ಎಲ್ಲ ಚಾನೆಲ್‌ಗೂ ಇರುವ ನಿಯಮ ಪಾಠದ ಚಾನೆಲ್‌ಗೆ ಸಾಕಾಗುತ್ತದೆಯೇ? ಮೂಲೆಯ ಸಣ್ಣಕ್ಷರ ಯಾರನ್ನು ಕಾಯಲು ಇರುವುದು, ಮಗುವನ್ನೋ ಮ್ಯಾನೇಜರನ್ನೋ?

ಇದನ್ನೆಲ್ಲ ನಾನು ಅಲ್ಲೇ ಹೇಳಿದೆ, ಇಷ್ಟು ಜೋಡಿಸಿ ಅಲ್ಲ, ಕೂಗಾಡಿ ಹೇಳಿದೆ. ಕೆಳಗಿನ ರಿಪೇರಿ ಅಂಗಡಿಯವರು ಸುತ್ತಿಗೆ ನಿಲ್ಲಿಸಿ ಮೇಲೆ ನೋಡಿದರು. ಆಮೇಲೆ ಕುರ್ಚಿ ಹತ್ತಿ (ನನ್ನ ಮೊಣಕಾಲಿನ ಸ್ಥಿತಿ ನಿಮಗೆ ಗೊತ್ತೇ ಇದೆ) ಗೋಡೆಯ ಫ್ರೇಮನ್ನು ತೆಗೆದು ಬಗಲಲ್ಲಿ ಇಟ್ಟುಕೊಂಡೆ.

‘ಯಾಕ್ ಮೇಡಂ, ಚಲೋ ಬರ್ದೀರಲ್ಲ’ ಎಂದರು ಮ್ಯಾನೇಜರ್.

‘ಅದಕ್ಕ ಒಯ್ಯಾಕತ್ತೀನಿ’ ಎಂದು ಮೆಟ್ಟಿಲಿಳಿದೆ.

ಜಾಹೀರಾತುಗಳ ಮೇಲೆ ಕಣ್ಣಿಡಬೇಕಾದವರಿಗೆ ಲಿಖಿತ ದೂರು ಕೊಟ್ಟಿದ್ದೇನೆ, ನೋಟ್‌ಬುಕ್ಕಿನ ಆ ಪುಟದ ಜೆರಾಕ್ಸ್ ಸಮೇತ. ಸ್ವೀಕೃತಿಯ ಸೀಲ್ ಬಿದ್ದಿದೆ. ಮುಂದೇನಾಗುತ್ತದೋ ನೋಡಬೇಕು.

ಆ ದಿನ ಕೌಲ್ ಬಜಾರಿನಿಂದ ಆಸ್ಪತ್ರೆಗೆ ವಾಪಸು ಬಂದಾಗ ವಾರ್ಡಿನ ಬಾಗಿಲಲ್ಲಿ ಎರ್ರಿಸ್ವಾಮಿ ನಿಂತಿದ್ದರು. ಕುರುಗೋಡಿನಿಂದ ನನ್ನ ನಂತರದ ಬಸ್ಸಿಗೇ ಬಂದಿದ್ದರಂತೆ, ಒಳಗೆ ಹೋಗಲು ಧೈರ್ಯವಾಗಿರಲಿಲ್ಲ. ಕರೆದುಕೊಂಡು ಹೋದೆ. ಟಿ.ವಿ.ಯ ಸರ್ ಎದುರಿಗೆ ಬಂದದ್ದನ್ನು ನೋಡಿ ರೇಣು ಡ್ರಿಪ್ ಹಾಕಿದ ಕೈಯಲ್ಲೇ ಎದ್ದು ಕೂರಲು ಹೋದಳು. ತಿಪ್ಪಮ್ಮತ್ತೆ ಸೆರಗು ಹೊದ್ದು ನಿಂತರು.

ಎರ್ರಿಸ್ವಾಮಿ ನೋಟ್‌ಬುಕ್ ಕೇಳಿ ತೆಗೆದುಕೊಂಡರು. ಜೇಬಿನಿಂದ ಕೆಂಪು ಪೆನ್ನು ತೆಗೆದು ಐದನೇ ಪಾಯಿಂಟಿನ ಮೇಲೆ ಅಡ್ಡಗೆರೆ ಎಳೆದರು. ಪಕ್ಕದಲ್ಲಿ ‘ತಪ್ಪು ನನ್ನದು’ ಎಂದು ಬರೆದು ಸಹಿ ಮಾಡಿದರು.

‘ಇನ್ನೊಂದು ಬರ್ಕೋಳವ್ವಾ’ ಎಂದರು. ‘ಸೂಜಿ ಯಾವತ್ತೂ ಬಿಡಬಾರದು.’

ರೇಣು ಬರೆದುಕೊಂಡಳು. ನಾಗು ಮುಖ ತಿರುಗಿಸಿ ಕಿಟಕಿಯ ಹತ್ತಿರ ಹೋದಳು. ಅವರನ್ನು ಕ್ಷಮಿಸಲು ಅವಳಿಗೆ ಇನ್ನೂ ಆಗಿಲ್ಲ, ನಾನೂ ಒತ್ತಾಯಿಸಿಲ್ಲ. ಈಗ ಟಿ.ವಿ. ಸಾಲಿಯಲ್ಲಿ ಐದೂವರೆಗೆ ವಿಜ್ಞಾನಕ್ಕೆ ಅವರ ಬದಲು ಬೇರೆ ಯಾರೋ ಬರುತ್ತಾರೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೆ ಬಹಳ ಅನುಕೂಲವಾಗುತ್ತಿತ್ತು.

ಸರ್ ಹೋದ ಮೇಲೆ ರೇಣು ನನ್ನ ಬಗಲಿನ ಫ್ರೇಮ್ ನೋಡಿದಳು. ಕೊಡು ಎಂದು ಈಸಿಕೊಂಡು ಮೇಲಿಂದ ಕೆಳಗೆ ಓದಿದಳು. ಮತ್ತೊಮ್ಮೆ ಓದಿದಳು.

‘ದೊಡ್ಡಮ್ಮ, ನೀನು ಬರ್ದಿದ್ದು ಎಲ್ಲಿಗೆ ಮುಗೀತು?’

‘ಯಾಕ? ಕೆಳಗಿನ ತನಕ ನಂದ ಅಲ್ಲೇನು?’ ಎನ್ನುತ್ತಾ ಕನ್ನಡಕ ಹಾಕಿಕೊಂಡು ಬಗ್ಗಿದೆ.

ಅಲ್ಲ. ಕಾಲಂ ಕೆಳಗಡೆ, ಅದೇ ಅಗಲದಲ್ಲಿ, ಅದೇ ಅಕ್ಷರದಲ್ಲಿ ಎಂಟು ಸಾಲು. ಮೊಣಕಾಲು ನೋವಿಗೆ ಒಂದು ಎಣ್ಣೆ, ವಾರದಲ್ಲಿ ಗುಣ, ಫೋನ್ ನಂಬರ್. ಚಾನೆಲ್‌ನವರು ಅದನ್ನೂ ಸೇರಿಸಿಯೇ ಫ್ರೇಮ್ ಹಾಕಿಸಿದ್ದರು. ಇಷ್ಟು ವರ್ಷದಿಂದ ಪ್ರತಿ ವಾರ ಪತ್ರಿಕೆ ತೆರೆದು ನನ್ನ ಹೆಸರು, ನನ್ನ ಫೋಟೋ ನೋಡಿಕೊಂಡಿದ್ದೇನೆ. ಅಡಿಯಲ್ಲಿ ಏನು ಬರುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ.

‘ನಾನು ಅಜ್ಜಿಗೆ ಅಷ್ಟೂ ಓದಿ ಹೇಳಿದ್ನಿ’ ಎಂದಳು ರೇಣು ಮೆಲ್ಲಗೆ.

ತಿಪ್ಪಮ್ಮತ್ತೆ ನೀರಿನ ಲೋಟ ಕೆಳಗಿಟ್ಟರು. ‘ಎಲ್ಡು ಬಾಟ್ಲಿ ತರಿಸೀನವ್ವಾ. ನಿನಗೂ ಮೊಣಕಾಲು ನೋವು ಐತಲ್ಲ, ನೀನೂ ಹಚ್ಚಿ ನೋಡಿ ಬರ್ದಿರ್ತಿ ಅಂದ್ಕೊಂಡೆ. ನೋವು ಹಂಗ ಐತಿ.’

ಬೈಯುವ ದನಿಯೇ ಅಲ್ಲ ಅದು. ನನ್ನ ಮಂಡಿಯನ್ನು ನೋಡುತ್ತಾ ಹೇಳಿದರು. ಜನ್ಮದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಸಂಪಾದಕರಿಗೆ ಪತ್ರ ಬರೆದಿದ್ದೇನೆ, ಕೆಳಗಿನ ಜಾಗ ಖಾಲಿ ಬಿಡಿ, ಇಲ್ಲವಾದರೆ ನಡುವೆ ದಪ್ಪ ಗೆರೆ ಎಳೆಯಿರಿ ಎಂದು. ಅವರೂ ಕೌಲ್ ಬಜಾರಿನ ಮ್ಯಾನೇಜರ್ ಹೇಳಿದ್ದನ್ನೇ ಹೇಳಬಹುದು. ಗೆರೆ ಬೀಳುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಅದಕ್ಕೇ ನನ್ನ ಕೈಯಲ್ಲಿರುವುದನ್ನು ನಾನೇ ಮಾಡಿಬಿಡುತ್ತೇನೆ.

ನನ್ನ ಮಾತು ಇಲ್ಲಿಗೆ ಮುಗಿಯಿತು, ಇದರ ಕೆಳಗೆ ಏನೇ ಅಚ್ಚಾಗಿದ್ದರೂ ಅದು ನಾನು ಹೇಳಿದ್ದಲ್ಲ: ಟಣ್ ಟಣ್ ಟಣ್.